ಅಡುಗೆ ಶಿವಮಲ್ಲಪ್ಪನವರು ಜಿಮ್ಮು ಹುಡುಕಿದ್ದು

ಮುಳ್ಳೂರಿನ ಶಿವಮಲ್ಲಪ್ಪನವರ ಹೊಟ್ಟೆಗೆ ಕೊಳ್ಳೇಗಾಲದ ಸುತ್ತಿನಲ್ಲಿ ಒಂದು ಮರ್ಯಾದೆ ಇತ್ತು. ಮದುವೆ, ನಾಮಕರಣ, ಗೃಹಪ್ರವೇಶ, ಯಾವುದೇ ಇರಲಿ, ಆ ಕಡೆಯ ಊರುಗಳಲ್ಲಿ ಅಡುಗೆ ಅವರದೇ. ಹೊಸಬರು ಯಾರಾದರೂ ಅಡುಗೆ ಒಪ್ಪಿಸಲು ಮನೆಗೆ ಬಂದರೆ, ಅವರು ಹೆಗಲ ಮೇಲಿನ ಟವಲು ತೆಗೆದು ಪಕ್ಕಕ್ಕಿಟ್ಟು, ಬನಿಯನ್ನಿನಲ್ಲೇ ಜಗುಲಿಯ ಮೇಲೆ ಕೂರುತ್ತಿದ್ದರು. ಉಳಿದ ಮಾತನ್ನು ಹೊಟ್ಟೆಯೇ ಆಡುತ್ತಿತ್ತು. ಬಂದವರು ಒಮ್ಮೆ ಅದನ್ನು ನೋಡಿ, ಲಾಡು ಮಾಡಿಸುವುದೋ ಒಬ್ಬಟ್ಟು ಮಾಡಿಸುವುದೋ ಎಂಬಲ್ಲಿಗೆ ಬಂದುಬಿಡುತ್ತಿದ್ದರು. ಅಡುಗೆ ಚೆನ್ನಾಗಿರುತ್ತದೆಯೇ ಎಂದು ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಹೀಗಿರುವಾಗ ಯಳಂದೂರಿನ ಒಂದು ಮದುವೆಯಲ್ಲಿ ಅವರು ಬೂಂದಿಯ ಪಾಕ ನೋಡಲು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಪಾಕ ಬಂತು, ಶಿವಮಲ್ಲಪ್ಪನವರು ಏಳಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಕೊಪ್ಪರಿಗೆ ಇಳಿಸಲು ಬಂದ ಆಳುಗಳೇ ಆ ಕೆಲಸ ಬಿಟ್ಟು ಮೊದಲು ಇವರನ್ನು ಎತ್ತಬೇಕಾಯಿತು.

ಮಾರನೆಯ ದಿನ ಕೊಳ್ಳೇಗಾಲದ ಡಾಕ್ಟರು ಮಂಡಿ ಒತ್ತಿ ನೋಡಿ, "ಊಟ ಹೆಂಗೆ?" ಎಂದರು.

"ತಿನ್ನೋದು ಕಮ್ಮಿ ಸಾ. ರುಚಿ ನೋಡೋದಷ್ಟೆ."

"ರುಚಿ ಎಷ್ಟು ನೋಡ್ತೀರಿ?"

ಶಿವಮಲ್ಲಪ್ಪನವರು ಪ್ರಾಮಾಣಿಕವಾಗಿ ಯೋಚಿಸಿದರು. "ಕೊಪ್ಪರಿಗೆಗೆ ತಕ್ಕಂಗೆ ಸಾ."

ತೂಕ ಇಳಿಸದಿದ್ದರೆ ಮಂಡಿ ಉಳಿಯುವುದಿಲ್ಲ, ಯಾವುದಾದರೂ ಜಿಮ್ಮಿಗೆ ಸೇರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಯಲ್ಲಿ ಹೆಂಡತಿ ದೊಡ್ಡಬಸಮ್ಮನಿಗೆ ಇದು ದೊಡ್ಡ ವಿಷಯವೇ ಅಲ್ಲ.

"ಕೊಳ್ಳೇಗಾಲದಲ್ಲೇ ಅದೆಯಲ್ಲ, ಬಸ್ ಸ್ಟ್ಯಾಂಡ್ ತಾವ. ಬೆಳಿಗ್ಗೆ ಓಗಿ ಬಂದ್ರಾಯ್ತು."

"ನಿಂಗೊತ್ತಾಗಲ್ಲ ಕಣಮ್ಮಿ. ಅಡ್ಗೆಯವ್ನು ಹೊಟ್ಟೆ ಕರುಗುಸ್ತಾವ್ನೆ ಅಂತ ಗೊತ್ತಾದ್ರೆ ಯಾರು ಕರೀತಾರೆ? ತಾನು ಮಾಡಿದ್ದ ತಾನೇ ತಿನ್ನಕ್ಕೆ ಹೆದರ್ಕತಾನೆ ಅನ್ನಲ್ವಾ?"

"ಹಂಗಾರೆ ಎಲ್ಲಿಗೋಯ್ತೀರಿ?"

"ಮೈಸೂರಿಗೆ. ಅಲ್ಲಿ ನನ್ನ ಹೊಟ್ಟೆ ಯಾರ್ ಕಂಡವ್ರೆ?"

ಯಾರಿಗೂ ಹೇಳಬಾರದೆಂದು ಅವಳಿಂದ ಮಾತು ತೆಗೆದುಕೊಂಡು ಅವರು ಮೈಸೂರಿನ ಬಸ್ಸು ಹತ್ತಿದರು. ಮಗಳು ದೀಪಶ್ರೀ ಅಲ್ಲೇ ಒಂದು ಶಾಲೆಯಲ್ಲಿ ಟೀಚರ್. ಭಾನುವಾರ ಸ್ಕೂಟರಿನ ಹಿಂದೆ ಅಪ್ಪನನ್ನು ಕೂರಿಸಿಕೊಂಡು, ಟೈರಿನ ಗಾಳಿ ಎರಡು ಸಲ ನೋಡಿಕೊಂಡು, ಜಿಮ್ಮು ತೋರಿಸಲು ಹೊರಟಳು.

ಮೊದಲನೆಯದು ದೊಡ್ಡ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮೇಲೆ. ಎಸಿ, ಕನ್ನಡಿ, ಬಾಗಿಲಲ್ಲಿ ನಗುವುದಕ್ಕೆಂದೇ ಒಬ್ಬ ಹುಡುಗಿ. ಶಿವಮಲ್ಲಪ್ಪನವರಿಗೆ ಹಿಡಿಸಿತು. ಟ್ರೆಡ್‌ಮಿಲ್ಲಿನ ಮೇಲೆ ಹತ್ತಿಸಿದರು. ನಿಧಾನಕ್ಕೆ ನಾಲ್ಕು ಹೆಜ್ಜೆ ಹಾಕಿ ತಲೆ ಎತ್ತಿದರೆ, ಎದುರಿಗಿದ್ದ ಗೋಡೆ ಪೂರಾ ಗಾಜಿನದು. ಕೆಳಗೆ ಸಿಗ್ನಲ್ಲಿನಲ್ಲಿ ಒಂದು ಕೊಳ್ಳೇಗಾಲದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕುಳಿತವರೆಲ್ಲ ಮಾಡಲು ಬೇರೆ ಕೆಲಸವಿಲ್ಲದೆ ಮೇಲಕ್ಕೇ ನೋಡುತ್ತಿದ್ದರು. ಶಿವಮಲ್ಲಪ್ಪನವರು ಟವಲನ್ನು ತಲೆಯ ಮೇಲೆ ಎಳೆದುಕೊಂಡು ಇಳಿದುಬಿಟ್ಟರು.

"ಬ್ಯಾಡ ಕಣವ್ವ. ಇದು ಬಾಳ ಬೆಳಕು."

ಎರಡನೆಯದು ನೆಲಮಾಳಿಗೆಯಲ್ಲಿತ್ತು. ಕಿಟಕಿಯೇ ಇಲ್ಲ. ಇದೇ ಸರಿ ಎಂದು ಅವರು ಒಳಗೆ ಕಾಲಿಟ್ಟರು. ಹಾಡಿನ ಅಬ್ಬರಕ್ಕೆ ಹೊಟ್ಟೆಯೊಳಗಿನ ತಿಂಡಿ ಕುಣಿಯಿತು, ಅದನ್ನೂ ಸಹಿಸಿದರು. ಕಲಿಸುವವನು ತೋಳುಗಳನ್ನು ಮೈಯಿಂದ ಒಂದು ಗೇಣು ದೂರ ಹಿಡಿದುಕೊಂಡು ಬಂದ. ಬಂದವನು ಇವರ ಮುಖ ನೋಡಿ, ಹೊಟ್ಟೆ ನೋಡಿ, ಅರಳಿದ.

"ಸಾ, ನೀವು ಮುಳ್ಳೂರು ಶಿವಮಲ್ಲಪ್ಪೋರಲ್ವಾ? ನಾನು ಮಹದೇವಪ್ರಸಾದ್ ಅಂತ, ರಾಮಾಪುರದವ್ನು. ನಮ್ಮಕ್ಕನ್ ಮದ್ವೇಲಿ ನಿಮ್ದೇ ಅಡ್ಗೆ. ಆ ಒಬ್ಬಟ್ಟು ಇನ್ನೂ ಮರೆತಿಲ್ಲ ಸಾ!"

"ಇಲ್ಲ ಇಲ್ಲ, ನೀವು ಬೇರೆ ಯಾರ್ನೋ ಅನ್ಕಂಡಿದ್ದೀರಿ," ಎಂದು ಶಿವಮಲ್ಲಪ್ಪನವರು ಅಚ್ಚ ಮುಳ್ಳೂರಿನ ಮಾತಿನಲ್ಲೇ ಹೇಳಿ, ಮಂಡಿ ನೋವನ್ನು ಮರೆತು ಮೆಟ್ಟಿಲು ಹತ್ತಿದರು.

ಮೇಲೆ ಬಂದ ದೀಪಶ್ರೀ ಸ್ಕೂಟರಿಗೆ ಒರಗಿಕೊಂಡು ನಕ್ಕಳು. "ಅಪ್ಪ, ನೀನು ಜಿಮ್ ನೋಡಕ್ ಬಂದಿದ್ಯೋ, ಬಚ್ಚಿಟ್ಕೊಳ್ಳಕ್ಕೆ ಜಾಗ ನೋಡಕ್ ಬಂದಿದ್ಯೋ?"

ಕೊನೆಗೆ ಅವಳ ಬಡಾವಣೆಯಲ್ಲೇ ಒಂದು ಸಿಕ್ಕಿತು. ಹಳೆಯ ಮನೆಯ ಪಡಸಾಲೆ, ನಾಲ್ಕಾರು ಮಿಷನ್ನು, ಬರುವವರೆಲ್ಲ ಪಿಂಚಣಿದಾರರು. ಅವರು ಸೈಕಲ್ ತುಳಿಯುತ್ತ ತಮ್ಮ ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆಯೇ ಮಾತಾಡುತ್ತಿದ್ದರು. ಬೇರೆಯವರ ಹೊಟ್ಟೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಶಿವಮಲ್ಲಪ್ಪನವರು ಅಲ್ಲೇ ಸೇರಿಕೊಂಡರು.

ಅಂದಿನಿಂದ ಅಡುಗೆ ಇಲ್ಲದ ದಿನವೆಲ್ಲ ಮೊದಲ ಬಸ್ಸಿಗೆ ಮೈಸೂರು. ಸ್ವಲ್ಪ ಹೊತ್ತು ನಡೆಯುವುದಕ್ಕೆಂದು ಅವರು ಬಸ್ಸಿನಲ್ಲಿ ಅರ್ಧ ದಿನ ಕೂರುತ್ತಿದ್ದರು. ಇದು ವಿಚಿತ್ರ ಎಂದು ದೊಡ್ಡಬಸಮ್ಮ ಹೇಳಿದಾಗ, "ಎಲ್ಲಾದಕ್ಕೂ ಒಂದು ಕ್ರಮ ಅದೆ" ಎನ್ನುತ್ತಿದ್ದರು. ತೂಕ ನಿಜವಾಗಿಯೂ ಇಳಿಯತೊಡಗಿತು. ಇಳಿದದ್ದು ಕಾಣಬಾರದೆಂದು ಅವರು ಬನಿಯನ್ನಿನ ಮೇಲೆ ದೊಗಲೆ ಅಂಗಿ ಹಾಕತೊಡಗಿದರು.

ಊರಿನಲ್ಲಿ ಯಾರಾದರೂ ಕೇಳಿದರೆ, "ಮೈಸೂರಲ್ಲಿ ಒಸಿ ಕೆಲ್ಸ ಅದೆ" ಎಂದಷ್ಟೇ ಉತ್ತರ. ಅಡುಗೆಯವರಿಗೆ ಮೈಸೂರಿನಲ್ಲಿ ಇನ್ನೇನು ಕೆಲಸ? ಯಾವುದೋ ಕಲ್ಯಾಣ ಮಂಟಪ ಹಿಡಿದಿದ್ದಾರೆ ಎಂದು ಟೀ ಅಂಗಡಿಯಲ್ಲಿ ಒಬ್ಬರು ಊಹಿಸಿದರು. ಮಾತು ಸತ್ತೇಗಾಲ ಮುಟ್ಟುವ ಹೊತ್ತಿಗೆ ಮಂಟಪ ಎರಡಾಗಿ, ಶಿವಮಲ್ಲಪ್ಪನವರು ಹಳ್ಳಿ ಮದುವೆಗಳನ್ನು ಬಿಟ್ಟೇಬಿಟ್ಟಿದ್ದಾರೆ ಎಂದಾಯಿತು.

ಸತ್ತೇಗಾಲದ ಶಾಂತಮೂರ್ತಿ ತೆಂಗು, ಕಬ್ಬು ಬೆಳೆಯುವ ಅನುಕೂಲಸ್ಥರು. ಅವರ ಮನೆಯ ಎಲ್ಲ ಶುಭಕಾರ್ಯಕ್ಕೂ ಶಿವಮಲ್ಲಪ್ಪನವರೇ ಸೌಟು ಹಿಡಿದವರು. ಈ ಸಲ ಮಗಳ ಮದುವೆಯ ಲಗ್ನಪತ್ರಿಕೆ ಮುಳ್ಳೂರಿಗೆ ಬಂತು, ಅಡುಗೆಗೆ ಕರೆ ಬರಲಿಲ್ಲ. ಹನೂರಿನ ಪುಟ್ಟಮಾದಪ್ಪನಿಗೆ ಅಡುಗೆ ಒಪ್ಪಿಸಿದ್ದಾರೆ ಎಂದು ಗೊತ್ತಾದಾಗ ಶಿವಮಲ್ಲಪ್ಪನವರಿಗೆ ಅನ್ನ ಸೇರಲಿಲ್ಲ. ತೂಕ ಇಳಿಸಲು ಅಷ್ಟು ಪಾಡುಪಟ್ಟವರಿಗೆ ಅದರಿಂದ ಸಂತೋಷವಾಗಬೇಕಿತ್ತು, ಆಗಲಿಲ್ಲ. ಸಂಜೆಯೇ ಸತ್ತೇಗಾಲಕ್ಕೆ ಹೋದರು.

"ನನ್ನ ಕಡೆಯಿಂದ ಏನಾರ ತೆಪ್ಪಾಯ್ತಾ ಬುದ್ಧಿ?"

ಶಾಂತಮೂರ್ತಿ ಗಾಬರಿಯಾಗಿ ಎದ್ದು ನಿಂತರು. "ಅಯ್ಯೋ, ಕುಂತ್ಕಳಿ ಮೊದ್ಲು. ನೀವು ಮೈಸೂರು ಪಾರ್ಟಿ ಆಗ್ಬುಟ್ರಿ, ನಮ್ಮಂತೋರ ಕೈಗೆ ಸಿಕ್ಕಲ್ಲ ಅಂದ್ರು. ಕೇಳಿ ಇಲ್ಲ ಅನ್ನಿಸ್ಕಳದು ಯಾಕೆ ಅಂತ ಸುಮ್ಕಾದೆ."

"ಮಂಟಪನೂ ಇಲ್ಲ, ಪಾರ್ಟಿನೂ ಇಲ್ಲ." ಶಿವಮಲ್ಲಪ್ಪನವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಜಿಮ್ಮಿಗೆ ಓಯ್ತಿದ್ದೆ."

"ಎಲ್ಲಿಗೆ?"

"ಜಿಮ್ಮಿಗೆ. ಮಂಡಿ ನೋವು."

ಶಾಂತಮೂರ್ತಿ ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, "ಅಲ್ರಿ, ನಾನೇ ಕೊಳ್ಳೇಗಾಲದ್ ಜಿಮ್ಮಿಗೆ ಓಯ್ತಾ ಇವ್ನಿ, ಬೀಪಿಗೆ. ನಮ್ಮ ಕಡೆಯೋರು ಅರ್ಧ ಜನ ಅಲ್ಲೇ ಅವ್ರೆ. ನಿಮ್ಮ ಲಾಡು ತಿಂದು ಸೇರ್ಕಂಡೋರೇ ಜಾಸ್ತಿ!" ಎಂದರು.

ಪುಟ್ಟಮಾದಪ್ಪನಿಗೆ ಕೊಟ್ಟ ಮಾತು ಮುರಿಯುವಂತಿರಲಿಲ್ಲ, ಅಡುಗೆ ಅವನದೇ ಆಯಿತು. "ನೀವು ಮನೆಯೋರ ಜೊತೆ ಬಂದು ಊಟಕ್ಕೆ ಕುಂತ್ಕಬೇಕು" ಎಂದು ಶಾಂತಮೂರ್ತಿ ಕೈಹಿಡಿದು ಹೇಳಿದರು.

ಮುಂದಿನ ವಾರವೇ ಶಿವಮಲ್ಲಪ್ಪನವರು ಕೊಳ್ಳೇಗಾಲದ ಜಿಮ್ಮಿಗೇ ಸೇರಿದರು. ಮೊದಲ ದಿನ ಒಳಗೆ ಹೋದಾಗ ಮಿಷನ್ನುಗಳ ಮೇಲಿದ್ದವರೆಲ್ಲ ನಮಸ್ಕಾರ ಹೇಳಿದರು. ಒಬ್ಬರು ಟ್ರೆಡ್‌ಮಿಲ್ಲಿನಲ್ಲಿ ಓಡುತ್ತಲೇ, ಏದುಸಿರಿನಲ್ಲಿ, ಮಗನ ನಿಶ್ಚಿತಾರ್ಥಕ್ಕೆ ಅಡುಗೆ ಒಪ್ಪಿಸಿದರು.

ಸತ್ತೇಗಾಲದ ಮದುವೆಯ ದಿನ ಶಿವಮಲ್ಲಪ್ಪನವರು ದೊಡ್ಡಬಸಮ್ಮನ ಪಕ್ಕ ಪಂಕ್ತಿಯಲ್ಲಿ ಕುಳಿತರು. ಇಷ್ಟು ವರ್ಷ ಅವರು ಊಟ ಮಾಡಿದ್ದೆಲ್ಲ ಕೊನೆಯಲ್ಲಿ, ಅಡುಗೆ ಕೋಣೆಯಲ್ಲಿ ನಿಂತುಕೊಂಡು. ಎಲೆಯ ಮುಂದೆ ಕೈ ಎಲ್ಲಿಡಬೇಕೆಂದೇ ಗೊತ್ತಾಗಲಿಲ್ಲ. ಬಡಿಸುವವರು ಬಂದಾಗಲೆಲ್ಲ ಎದ್ದು ಸಹಾಯ ಮಾಡಲು ಹೊರಡುತ್ತಿದ್ದರು, ದೊಡ್ಡಬಸಮ್ಮ ಅಂಗಿ ಹಿಡಿದು ಕೂರಿಸುತ್ತಿದ್ದಳು. ಕೋಸಂಬರಿ ಬಂತು, ಪಲ್ಯ ಬಂತು, ಬಿಸಿ ಅನ್ನಕ್ಕೆ ತುಪ್ಪ ಬಿತ್ತು. ಬಾಗಿಲ ಮರೆಯಲ್ಲಿ ಪುಟ್ಟಮಾದಪ್ಪ ಸೌಟು ಹಿಡಿದು, ಪರೀಕ್ಷೆ ಬರೆದವನ ಹಾಗೆ ಇವರ ಮುಖವನ್ನೇ ನೋಡುತ್ತ ನಿಂತಿದ್ದ.

ಶಿವಮಲ್ಲಪ್ಪನವರು ಪಾಯಸ ಬಾಯಿಗಿಟ್ಟು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

"ಹೆಂಗದೆ?" ದೊಡ್ಡಬಸಮ್ಮ ಪಿಸುಗುಟ್ಟಿದಳು.

"ಏಲಕ್ಕಿ ಒಸಿ ಜಾಸ್ತಿ," ಎಂದರು ಅವರು. ಆಮೇಲೆ ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಪುಟ್ಟಮಾದಪ್ಪ, ಇನ್ನೊಂದು ಸೌಟು ಆಕ್ಸು ಇಲ್ಲಿ," ಎಂದರು.