ಪುರಭವನದ ಮೆಟ್ಟಿಲಲ್ಲಿ ನಿಂತವನು

ನಮ್ಮತ್ತೆ ಊರಿನ ದೆವ್ವದ ಕಥೆ ತೆಗೆದರೆ ಮೊದಲು ನಗುತ್ತಿದ್ದವಳು ನಾನೇ. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ ಎಂದು ಅವರಿಗೆ ಪಾಠ ಬೇರೆ ಹೇಳುತ್ತಿದ್ದೆ. ಈಗ ಬಾಯಿ ಮುಚ್ಚಿಕೊಂಡಿದ್ದೇನೆ. ನೀವು ನಂಬಲೇಬೇಕೆಂದು ನನ್ನ ಹಟವೇನಿಲ್ಲ.

ಮೂರು ವರ್ಷದ ಹಿಂದಿನ ಮಾತು. ಹಳೆಯ ಕಟ್ಟಡಗಳನ್ನು ಲೇಸರ್ ಸ್ಕ್ಯಾನರಿನಿಂದ ಅಳೆದು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವ ಸಣ್ಣ ಕಂಪನಿಯೊಂದಕ್ಕೆ ನಾನು ಸನ್ನಿವೇಲ್ ಊರಿನ ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಆಗ ಬಂದದ್ದು ಜರ್ಮನಿಯ ಒಂದು ಹಳೆಯ ಪುರಭವನ. ಕೆಳಗೆ ದಪ್ಪ ಕಲ್ಲಿನ ಕಮಾನುಗಳು. ಒಂದು ಕಾಲಕ್ಕೆ ಅಲ್ಲಿ ಸಂತೆ ನಡೆಯುತ್ತಿತ್ತಂತೆ. ಅದರ ಮೇಲೆ ಮರದ ತೊಲೆಗಳ ಚೌಕಟ್ಟಿನಲ್ಲಿ ಎದ್ದ ಎರಡು ಅಂತಸ್ತು, ಕಡಿದಾದ ಚಾವಣಿ. ಊರಿನ ಹಿರಿಯರು ಮೇಲಿನ ಸಭಾಂಗಣದಲ್ಲೇ ನ್ಯಾಯ ಹೇಳುತ್ತಿದ್ದರು. ಶಿಕ್ಷೆಯಾದವರನ್ನು, ಒಬ್ಬರಷ್ಟೇ ಹಿಡಿಸುವ ಸುರುಳಿ ಮೆಟ್ಟಿಲಿನಿಂದ ನೆಲಮಾಳಿಗೆಯ ಸೆರೆಗೆ ಇಳಿಸುತ್ತಿದ್ದರು.

ನನ್ನ ಪಾಲಿನ ಕೆಲಸ ಮನುಷ್ಯರನ್ನು ಅಳಿಸುವುದು. ಸ್ಕ್ಯಾನ್ ಮಾಡುವಾಗ ಯಾರಾದರೂ ಅಡ್ಡ ಬಂದರೆ ಚುಕ್ಕಿಗಳಾಗಿ ಅದರಲ್ಲಿ ಉಳಿದುಬಿಡುತ್ತಾರೆ. ನಡೆಯುತ್ತಿದ್ದವರು ಕಲಸಿಹೋಗಿ ಹೊಗೆಯಂತೆ ಕಾಣುತ್ತಾರೆ. ಆದರೆ ಆ ಸುರುಳಿ ಮೆಟ್ಟಿಲಿನ ಮೇಲ್ತುದಿಯಲ್ಲಿ ಒಬ್ಬ ಗಂಡಸು ಸ್ಪಷ್ಟವಾಗಿ, ಅಲುಗಾಡದೆ ನಿಂತಿದ್ದ. ಅಳಿಸಿದೆ. ಅದೇ ಮೆಟ್ಟಿಲಿನ ಮುಂದಿನ ಸ್ಕ್ಯಾನ್ ತೆರೆದರೆ ಒಂದು ಮೆಟ್ಟಿಲು ಕೆಳಗಿದ್ದ. ಅಲ್ಲೂ ಅಳಿಸಿದೆ. ಅದರ ಮುಂದಿನದರಲ್ಲಿ ಇನ್ನೊಂದು ಮೆಟ್ಟಿಲು ಕೆಳಗೆ. ಸ್ಕ್ಯಾನ್ ಮಾಡಿದ ಸಹೋದ್ಯೋಗಿಯನ್ನು ಕೇಳಿದರೆ, ಆ ದಿನ ಬಾಗಿಲಿಗೆ ಬೀಗ ಹಾಕಿಕೊಂಡು ತಾನೊಬ್ಬನೇ ಒಳಗಿದ್ದೆ ಎಂದ. ಯಂತ್ರದ್ದೇ ಏನೋ ತೊಂದರೆ ಅಂದುಕೊಂಡೆ. ಕಡೆಯ ಸ್ಕ್ಯಾನಿನಲ್ಲಿ ಅವನು ತಳದಿಂದ ಎರಡನೆಯ ಮೆಟ್ಟಿಲಲ್ಲಿದ್ದ. ಅದನ್ನೂ ಅಳಿಸಿ ಕೈತೊಳೆದುಕೊಂಡೆ.

ಸ್ಕ್ಯಾನರನ್ನೇ ಪರೀಕ್ಷಿಸೋಣ ಎಂದು ಅದನ್ನು ಹತ್ತಿರದ ಊರು ಮೆನ್ಲೋ ಪಾರ್ಕಿನಲ್ಲಿದ್ದ ಕಂಪನಿಯ ಆಫೀಸಿನಿಂದ ತಂದು, ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯನ್ನೇ ಸ್ಕ್ಯಾನ್ ಮಾಡಿದೆ. ಕಾಡ್ಗಿಚ್ಚಿನ ಹೊಗೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದೆವು, ಹಾಡುಹಗಲೇ ಮಬ್ಬು. ಗಂಡ ಗ್ರೋಸರಿಗೆ ಹೋಗಿದ್ದರು. ಒಂಬತ್ತು ವರ್ಷದ ಮಗಳು ಮೆಟ್ಟಿಲ ಬುಡದಲ್ಲಿದ್ದ ತನ್ನ ಕೋಣೆಯಲ್ಲಿ ಓದುತ್ತಿದ್ದಳು. ಸ್ಕ್ಯಾನ್ ತೆರೆದೆ. ಅವನು ನಮ್ಮ ಮನೆಯ ಕಟ್ಟಕಡೆಯ ಮೆಟ್ಟಿಲ ಮೇಲೆ, ಅವಳ ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ತಲೆಯೆತ್ತಿ ನೋಡಿದೆ. ಮೆಟ್ಟಿಲು ಖಾಲಿ.

ಅದನ್ನು ಅಳಿಸಲಿಲ್ಲ. ಅಳಿಸಿದಾಗಲೆಲ್ಲ ಅವನು ಒಂದು ಮೆಟ್ಟಿಲು ಇಳಿದಿದ್ದ. ಅಲ್ಲಿಂದ ಇಳಿಯಲು ಇನ್ನು ಮೆಟ್ಟಿಲಿರಲಿಲ್ಲ, ಮುಂದೆ ಇದ್ದದ್ದು ಮಗಳ ಕೋಣೆಯೊಂದೇ. ಕೆಲಸ ಬಿಟ್ಟೆ, ಮನೆಯನ್ನೂ ಬದಲಾಯಿಸಿದೆವು. ಆ ಫೈಲು ಮಾತ್ರ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಗೇ ಇತ್ತು. ಯಾರಿಗೂ ಹೇಳಿರಲಿಲ್ಲ.

ಕಳೆದ ತಿಂಗಳು ಮಗಳು ಆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಮ್ಮಾ, ಇಟ್ಸ್ ಸೋ ಸ್ಲೋ. ನಿನ್ ಓಲ್ಡ್ ಫೈಲ್ಸ್ ಎಲ್ಲಾ ಡಿಲೀಟ್ ಮಾಡ್ದೆ."

"ಯಾವ್ದು? ಯಾವ್ದೇ ಮಾಡಿದ್ದು?" ಎಂದು ಕಿರುಚಿದೆ.

"ವಾಟ್ ಹ್ಯಾಪನ್ಡ್? ಎಲ್ಲಾನೂ!" ಎಂದಳು, ಗಾಬರಿಯಿಂದ.

ಅವಳಿಗೆ ಈ ವಿಷಯದ ಒಂದು ಮಾತನ್ನೂ ನಾನು ಹೇಳಿಲ್ಲ. ಆದರೂ ಆ ದಿನದಿಂದ ಅವಳು ತನ್ನ ಕೋಣೆಯಲ್ಲಿ ಮಲಗುತ್ತಿಲ್ಲ.