ಹಿಂದಿನ ಗಾಜಿನ ಕೆಳಗಿಟ್ಟ ಪ್ಲೇಟು

ದೋಹಾದ ನಮ್ಮ ಆಫೀಸಿನಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರ್ ಇದ್ದರು; ಮುಂಗೋಪಿ, ಯಾರೊಂದಿಗೂ ಬೆರೆಯುತ್ತಿರಲಿಲ್ಲ. ನಾನೂ ಅದೇ ಜಾತಿಯ ಮುಂಗೋಪಿಯಾದ್ದರಿಂದ ನಮ್ಮಿಬ್ಬರಿಗೆ ಹೊಂದಿಕೆಯಾಯಿತು. ಯೌವನದಲ್ಲಿ ಅವರು ಒಂದು ಪೋಸ್ಟ್-ಪಂಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದರು. ಪಂಕ್ ಕೂಗಾಟ ತಣ್ಣಗಾದ ಮೇಲೆ ಬ್ರಿಟನ್ನಿನ ಊರೂರಲ್ಲೂ ಹುಟ್ಟಿ, ಅಷ್ಟೇ ಬೇಗ ಒಡೆದುಹೋದ ತಂಡಗಳಲ್ಲಿ ಅದೂ ಒಂದು. ದೊಡ್ಡ ಕಂಪನಿಗಳು ಹತ್ತಿರ ಸೇರಿಸದಿದ್ದುದರಿಂದ ತಾವೇ ಸಿಂಗಲ್, ಅಂದರೆ ಒಂದೆರಡು ಹಾಡಿನ ಸಣ್ಣ ಪ್ಲೇಟು, ಒತ್ತಿಸಿ, ಅಡುಗೆಮನೆಯಲ್ಲಿ ಕೂತು ಕವರ್ ಮಡಚಿ ಅಂಟಿಸಿ, ಅಂಗಡಿಯಿಂದ ಅಂಗಡಿಗೆ ಹೊತ್ತು ತಿರುಗಿದ್ದರಂತೆ.

"ಎರಡು ಸಿಂಗಲ್. ಆಮೇಲೆ ಖಲಾಸ್," ಎಂದಿದ್ದರು ಒಮ್ಮೆ, ನಗದೆ.

ಎರಡನೆಯದರಲ್ಲಿ ಹಾಡಿದ್ದು ಅವರ ಸ್ವಂತ ತಮ್ಮ. ಮಾದರಿ ಪ್ರತಿಗಳು ಬಂದ ವಾರವೇ ಆ ಹುಡುಗ ರಸ್ತೆ ಅಪಘಾತದಲ್ಲಿ ಸತ್ತ. ಬ್ಯಾಂಡೂ ಮುಗಿಯಿತು, ಪ್ಲೇಟು ಮಾರುಕಟ್ಟೆಗೆ ಬರಲೇ ಇಲ್ಲ. ಉಳಿದಿದ್ದ ಒಂದೇ ಪ್ರತಿಯನ್ನು ಅವರು ದೇಶದಿಂದ ದೇಶಕ್ಕೆ ಒಯ್ದರು, ಆದರೆ ಹಾಕಿ ಕೇಳಲಿಲ್ಲ. ಕೆಲಸ ಮುಗಿಸಿ ದೇಶ ಬಿಡುವ ಫೈನಲ್ ಎಕ್ಸಿಟ್ ಹತ್ತಿರವಾದಾಗ ಅದನ್ನು ನನ್ನ ಮೇಜಿನ ಮೇಲಿಟ್ಟರು. ಊರಿಗೆ ಹೊರಟಿದ್ದ ಒಂದು ಸಂಸಾರದಿಂದ ನಾನು ಕೊಂಡಿದ್ದ ರೆಕಾರ್ಡ್ ಪ್ಲೇಯರ್ ವಿಷಯ ಅವರಿಗೆ ಗೊತ್ತಿತ್ತು.

"ಕಂಪ್ಯೂಟರಿಗೆ ಹಾಕಿಕೊಡಿ. ಅವನ ದನಿ ಹೇಗಿತ್ತೆಂದು ಮರೆತುಹೋಗುತ್ತಿದೆ," ಎಂದರು.

ಪ್ಲೇಟನ್ನು ಟವೆಲ್ಲಿನಲ್ಲಿ ಸುತ್ತಿ, ಬಿಸಿಲು ತಾಗದಂತೆ ಕಾರಿನ ಹಿಂದಿನ ಸೀಟಿನ ಕೆಳಗೆ, ನೆಲದ ಮೇಲೆ ಮಲಗಿಸಿದೆ. ಮೈಸೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮನನ್ನು ದಾರಿಯಲ್ಲಿ ಕ್ಲಿನಿಕ್ಕಿಗೆ ಕರೆದೊಯ್ಯಬೇಕಿತ್ತು. ಮಂಡಿನೋವಿನ ಅಮ್ಮ ಕಾಲು ಚಾಚಲು ಹಿಂದೆಯೇ ಕೂರುವವರು. ಡಾಕ್ಟರನ್ನು ಕಂಡ ಮೇಲೆ, ನಮ್ಮ ಬಿನ್ ಮಹಮೂದ್ ಬಡಾವಣೆಯಲ್ಲಿ ಎಲ್ಲರೂ ಮಾಡುವಂತೆ, ಎಂಜಿನ್ನೂ ಏಸಿಯೂ ಓಡುತ್ತಿದ್ದಂತೆಯೇ ಅಮ್ಮನನ್ನು ಕಾರಿನಲ್ಲಿ ಬಿಟ್ಟು ಮಾತ್ರೆ ತರಲು ಹೋದೆ. ಔಷಧಿ ಅಂಗಡಿಯಲ್ಲಿ ಉದ್ದನೆಯ ಸಾಲು.

ಮನೆ ಮುಟ್ಟಿದಾಗ ನೋಡುತ್ತೇನೆ, ಟವೆಲ್ ಸೀಟಿನ ಮೇಲೆ ಮಡಚಿಟ್ಟಿದೆ. ಪ್ಲೇಟು ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ, ಜೂನ್ ತಿಂಗಳ ಬಿಸಿಲಿಗೆ ಮೈಯೊಡ್ಡಿ ಕೂತಿದೆ.

"ಕಾಲ್ ಹತ್ರ ಇಟ್ಟಿದ್ಯಲ್ಲೋ! ಪಾದ ತಗುಲಿಬಿಡ್ತು. ಸಂಗೀತದ ಪ್ಲೇಟು, ಸರಸ್ವತಿ ಅಲ್ವೇನೋ? ಕಣ್ಣಿಗೊತ್ಕೊಂಡು ಮೇಲಿಟ್ಟೆ," ಎಂದರು ಅಮ್ಮ.

ಹೊರತೆಗೆದೆ. ಅಂಚು ಸುಟ್ಟ ಹಪ್ಪಳದ ಹಾಗೆ ಎದ್ದಿತ್ತು. ನನಗೆ ಉರಿದುಹೋಯಿತು. ಬಾಯಿಗೆ ಬಂದಿದ್ದನ್ನೆಲ್ಲ ಅಂದೆ. ಅಮ್ಮ ಸೆರಗಿನಿಂದ ಪ್ಲೇಟನ್ನು ಒರೆಸುತ್ತಲೇ ಇದ್ದರು, ಒರೆಸಿದರೆ ಸರಿಹೋಗುವುದೇನೋ ಎಂಬಂತೆ. ಎರಡು ಗಾಜುಗಳ ನಡುವೆ ಭಾರ ಹೇರಿಟ್ಟು ನೋಡಿದೆ. ಜಪ್ಪಯ್ಯ ಅಂದರೂ ಅದು ಸಮವಾಗಲಿಲ್ಲ.

ಶುಕ್ರವಾರ ಇಂಜಿನಿಯರನ್ನೇ ಮನೆಗೆ ಕರೆದೆ. ಫೋನಿನಲ್ಲಿ ಹೇಳುವ ಮಾತಾಗಿರಲಿಲ್ಲ. ಅಮ್ಮ ಕಾಫಿ ತಂದಿಟ್ಟು, "ನಾನೇ ಹಾಳ್ಮಾಡಿದ್ದು ಅಂತ ಹೇಳಪ್ಪ," ಎಂದರು. ಹೇಳಿದೆ. ಕಣ್ಣಿಗೊತ್ತಿಕೊಂಡದ್ದನ್ನೂ ಹೇಳಿದೆ. ಅವರು ಅಮ್ಮನನ್ನು ಬಹಳ ಹೊತ್ತು ನೋಡಿ, "ಹಾಕಿ," ಎಂದರು ನನಗೆ.

ಅಂಚಿನಲ್ಲಿ ಮುಳ್ಳು ನಿಲ್ಲಲೇ ಇಲ್ಲ. ಪ್ರತಿ ಸುತ್ತಿಗೂ ಹಾರಿ ಬೀಳುತ್ತಿತ್ತು. ಒಂದು ತುಂಡು ದನಿ, ಕೆಮ್ಮಿನಷ್ಟು, ಬಂದು ಕಡಿಯುತ್ತಿತ್ತು. ಅವರು ಕುರ್ಚಿಯ ತುದಿಗೆ ಸರಿದರು. ನಾನು ಮುಳ್ಳನ್ನೆತ್ತಿ ಒಳಕ್ಕೆ, ಇನ್ನೂ ಒಳಕ್ಕೆ ಇಟ್ಟೆ. ನಡುವಿನ ಚೀಟಿಯ ಹತ್ತಿರ ಪ್ಲೇಟು ಸಮವಾಗಿತ್ತು. ಅಲ್ಲಿ ನಿಂತಿತು. ಬೇಸ್ ಗಿಟಾರೊಂದು ಗುಂಯ್ಗುಡುತ್ತ ಸ್ವಚ್ಛವಾಗಿ ಕೇಳಿಸಿತು.

"ಸದ್ಯ, ಬಂತಲ್ಲಪ್ಪ!" ಎಂದು ಅಮ್ಮ ಕೈ ಮುಗಿದರು.

ಇಂಜಿನಿಯರ್ ತಲೆಯೆತ್ತಲಿಲ್ಲ. "ಇದು ನಾನು. ಅವನು ಹಾಡುವುದು ಇದಕ್ಕೂ ಮೊದಲೇ ಮುಗಿಯುತ್ತದೆ," ಎಂದರು.

ನಾನು ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಲಿಲ್ಲ.