ಕುದಿಸಿದ ಹೆಪ್ಪು

ನಮ್ಮ ಬಾವನಷ್ಟು ಬುದ್ಧಿವಂತರನ್ನು ಮಡಂತ್ಯಾರು ಪೇಟೆ ಕಂಡಿರಲಿಕ್ಕಿಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಅಕ್ಕನ ಗಂಡನೆಂಬ ಕಾರಣಕ್ಕೆ 'ಅವರು' ಎಂದು ಬರೆಯುತ್ತಿದ್ದೇನೆ, ಬೇರೆ ಕಾರಣವಿಲ್ಲ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಸಮಯವಾಗಿತ್ತು. ದುಬೈಯಿಂದ ರಜೆಯಲ್ಲಿ ಒಬ್ಬರೇ ಬಂದಿದ್ದರು. ಅಲ್ಲಿನ ಮೊಸರಿನ ಡಬ್ಬಿಯ ಮೇಲೆ ಜೀವಂತ ಬ್ಯಾಕ್ಟೀರಿಯಾ ಇದೆಯೆಂದು ಬರೆದಿರುತ್ತದಂತೆ. ಊಟಕ್ಕೆ ಕೂತಲ್ಲೇ ಅದರ ಮೇಲೆ ಭಾಷಣ ಬಿಗಿದರು.

"ನಿಮ್ಮ ಮೊಸರಲ್ಲಿ ಏನುಂಟಂತ ಯಾರಿಗೆ ಗೊತ್ತು ಮಾರಾಯ?" ಎಂದು ನನ್ನನ್ನು ಕೇಳಿದರು, ಅದೇ ಮೊಸರನ್ನು ಇನ್ನೊಮ್ಮೆ ಬಡಿಸಿಕೊಳ್ಳುತ್ತಾ.

ಅಲ್ಲಿ ಅಕ್ಕನಿಗೆ ಮೊದಲ ಬಸಿರು. ಏನು ತಿಂದರೂ ವಾಂತಿ, ಆ ಡಬ್ಬಿಯ ಮೊಸರೂ ನಿಲ್ಲುತ್ತಿರಲಿಲ್ಲ. ಮನೆಯ ಮೊಸರಲ್ಲಿ ಒಂದು ತುತ್ತು ಉಂಡರೆ ಸಾಕು ಎಂದು ಫೋನಿನಲ್ಲಿ ಅತ್ತಿದ್ದಳು. ಅಮ್ಮ ಹಳೆಯ ಮುಂಡು ಪಂಚೆಯ ತುಂಡೊಂದನ್ನು ಒಗೆದು, ಮೊಸರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿದರು. ಹೆಪ್ಪನ್ನು ದೂರಕ್ಕೆ ಕೊಂಡುಹೋಗುವ ಉಪಾಯ ಅದು. ಉಗುರುಬೆಚ್ಚಗಿನ ಹಾಲಿಗೆ ಆ ಬಟ್ಟೆ ಹಾಕಿಟ್ಟರೆ ಬೆಳಿಗ್ಗೆಗೆ ಮೊಸರು. ಬಾವ ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಹಿಡಿದು ಪೆಟ್ಟಿಗೆಯ ಮೂಲೆಗೆ ತುರುಕಿದರು.

ಅವರು ಹೋದ ಮೇಲೆ ಅಕ್ಕ ಫೋನು ಮಾಡಿದಳು. "ಮೊಸರು ಚೆಂದ ಆಗ್ತದೆ ಅಮ್ಮ, ದಿನಾ ಅದ್ರಲ್ಲೇ ಊಟ."

ಅಮ್ಮ ಇದನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದರು.

ಹೆರಿಗೆಗೆಂದು ಅಕ್ಕನನ್ನು ಕರೆತಂದಾಗ ಬಾವನ ಕೈಯಲ್ಲಿ ಒಳ್ಳೆಯ ಬ್ಯಾಕ್ಟೀರಿಯಾದ ಮಾತ್ರೆಗಳ ಡಬ್ಬಿಯಿತ್ತು. ಅಕ್ಕನ ಬಳೆ ಮೊಣಕೈವರೆಗೆ ಜಾರುತ್ತಿತ್ತು. ಊಟದ ಹೊತ್ತಿಗೆ ಬಾವ ನಗುತ್ತಾ ಶುರುಮಾಡಿದರು.

"ಅತ್ತೆ, ನಿಮ್ಮ ಆ ಬಟ್ಟೆ ಉಂಟಲ್ಲ, ಅದ್ರಲ್ಲಿ ಏನೂ ಇಲ್ಲ. ಕ್ರಿಮಿ ಇದ್ರೆ ಸಾಯ್ಲಿ ಅಂತ ಮೊದ್ಲು ನೀರಲ್ಲಿ ಚೆಂದ ಕುದಿಸಿದೆ, ಮತ್ತೆ ಹಾಲಿಗೆ ಹಾಕಿದ್ದು. ಬೆಳಿಗ್ಗೆ ನೋಡಿದ್ರೆ ಹಾಲು ಹಾಲೇ!"

ಜೀವಂತ ಬ್ಯಾಕ್ಟೀರಿಯಾದ ಮಹಾಪಂಡಿತರು! ತಾವೇ ಕುದಿಸಿ ಕೊಂದು, ಸತ್ತದ್ದಕ್ಕೆ ನಮ್ಮ ಅಮ್ಮನನ್ನು ಹಂಗಿಸುವುದು. ನನಗೆ ಮೈಯೆಲ್ಲ ಉರಿಯಿತು. ಇಂಥ ತಲೆಗೂ ಸಂಬಳ ಕೊಡುವವರಿದ್ದಾರಲ್ಲ ಎಂದು ಆಶ್ಚರ್ಯವೂ ಆಯಿತು.

"ನಾನು ಒಗೆದೇ ಕೊಟ್ಟದ್ದಲ್ವಾ" ಎಂದರು ಅಮ್ಮ, ಅಷ್ಟೇ. ಆಮೇಲೆ ಏನೋ ಹೊಳೆದು, ಸೌಟು ಹಿಡಿದುಕೊಂಡೇ ಅಕ್ಕನ ಕಡೆ ತಿರುಗಿದರು.

"ಹಾಗಾದ್ರೆ ನೀನು ಅಲ್ಲಿ ಇಷ್ಟು ದಿನ ಏನು ತಿಂದದ್ದು ಮಗಾ?"

ಅಕ್ಕ ಮೊಸರಿಗೆ ಬಟ್ಟಲನ್ನು ಮುಂದೆ ಚಾಚಿದಳು. ಬಾವ ಮಾತ್ರೆಯ ಡಬ್ಬಿ ತಿರುಗಿಸಿ, ಊಟಕ್ಕೆ ಮೊದಲೋ ನಂತರವೋ ಎಂದು ಓದುತ್ತಿದ್ದರು.